ಹಳೆಯ ಕಂಪ್ಯೂಟರಿನ ಜೊತೆ ಅದರ ಕಾಗದವನ್ನೂ ಗುಜರಿಗೆ ಹಾಕಬೇಡಿ

ಸಂಪಾದಕರಿಗೆ,

ಮಾನ್ಯರೇ,

ಸರ್ಕಾರಿ ಕಚೇರಿಗಳ ಮತ್ತು ಕಾಲೇಜುಗಳ ದಾಸ್ತಾನು ಕೊಠಡಿಗಳಲ್ಲಿ ವರ್ಷಗಟ್ಟಲೆ ಧೂಳು ಹಿಡಿದು ಬಿದ್ದಿರುವ ಹಳೆಯ ಕಂಪ್ಯೂಟರುಗಳನ್ನು ಬೇಗ ವಿಲೇವಾರಿ ಮಾಡಬೇಕೆಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಇತ್ತೀಚೆಗೆ ಬರೆದಿದ್ದರು. ಅವರ ಮಾತಿನಲ್ಲಿ ತಪ್ಪಿಲ್ಲ. ಸೋರುವ ಬ್ಯಾಟರಿ, ಸೀಸದ ಬೆಸುಗೆ, ಒಡೆದ ಪಿಕ್ಚರ್ ಟ್ಯೂಬು ಇವೆಲ್ಲ ಮಕ್ಕಳು ಓಡಾಡುವ ಕಟ್ಟಡದಲ್ಲಿ ಇರತಕ್ಕವಲ್ಲ. ಆದರೆ ಆ ಕೊಠಡಿಯ ಬೀಗ ತೆಗೆದು ಗುಜರಿಯವರನ್ನು ಒಳಗೆ ಬಿಡುವ ಮೊದಲು, ಒಂದೇ ಒಂದು ದಿನದ ಮಟ್ಟಿಗೆ, ಅಲ್ಲಿನ ಕಬ್ಬಿಣದ ಬೀರುವಿನೊಳಗಿನ ಕಾಗದಗಳನ್ನು ವಿಷಯ ಬಲ್ಲ ಯಾರಾದರೂ ತೆರೆದು ನೋಡಲಿ ಎಂಬ ಕೋರಿಕೆಯನ್ನು ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಕೋರಿಕೆ ಚಿಕ್ಕದು, ಅದರ ಹಿಂದಿನ ಕಾರಣ ಹೇಳಲು ಸ್ವಲ್ಪ ಜಾಗ ಬೇಕಾಗುತ್ತದೆ, ಕ್ಷಮಿಸಬೇಕು.

ನಾನು ಪ್ರಯೋಗಾಲಯ ತಂತ್ರಜ್ಞನಾಗಿ ಕೆಲಸ ಮಾಡಿ ನಿವೃತ್ತನಾದವನು. ಕಳೆದ ಮೂರು ವರ್ಷಗಳಿಂದ ನಾವು ನಾಲ್ವರು ಸೇರಿ ಪಿಡಿಪಿ–11/34 ಎಂಬ ಮಿನಿಕಂಪ್ಯೂಟರೊಂದಕ್ಕೆ ಮತ್ತೆ ಜೀವ ತುಂಬುವ ಕೆಲಸದಲ್ಲಿ ತೊಡಗಿದ್ದೇವೆ. ನಾಲ್ವರಲ್ಲಿ ನಾನೂ ಸೇರಿ ಇಬ್ಬರು ಪಿಂಚಣಿದಾರರು, ಉಳಿದಿಬ್ಬರು ಮೂವತ್ತು ದಾಟದ ಹುಡುಗರು. ನಮ್ಮಲ್ಲಿ ಯಾರಿಗೂ ಇದರಿಂದ ಒಂದು ರೂಪಾಯಿಯ ಆದಾಯವಿಲ್ಲ, ಮನೆಯವರ ಗೊಣಗಾಟ ಮಾತ್ರ ಧಾರಾಳವಾಗಿ ಸಿಗುತ್ತದೆ.

ಮಿನಿಕಂಪ್ಯೂಟರ್ ಎಂಬ ಹೆಸರು ಕೇಳಿದ ಇಂದಿನ ವಿದ್ಯಾರ್ಥಿಗಳು ಅದೇನೋ ಅಂಗೈಯಲ್ಲಿ ಹಿಡಿಸುವ ಸಾಧನವೆಂದು ತಿಳಿಯುವುದುಂಟು. ಇಡೀ ಕೋಣೆಯನ್ನು ಆಕ್ರಮಿಸುತ್ತಿದ್ದ ಮೇನ್‌ಫ್ರೇಮ್‌ಗೆ ಹೋಲಿಸಿದರೆ ಮಾತ್ರ ಅದು ಮಿನಿ. ಡಿಸ್ಕು, ಟೇಪುಗಳೆಲ್ಲ ಸೇರಿದರೆ ಎರಡು ಉಕ್ಕಿನ ಬೀರುಗಳಷ್ಟು ಜಾಗ ತಿನ್ನುತ್ತದೆ, ಮಹಡಿ ಹತ್ತಿಸಲು ನಾಲ್ಕು ಆಳು ಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮೇನಾರ್ಡ್ ಎಂಬ ಊರಿನ ಹಳೆಯ ಉಣ್ಣೆ ಗಿರಣಿಯೊಂದರಲ್ಲಿ 1957ರಲ್ಲಿ ಆರಂಭವಾದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್, ಅಂದರೆ ಎಲ್ಲರ ಬಾಯಲ್ಲಿ ‘ಡೆಕ್’ ಆಗಿದ್ದ ಕಂಪನಿ, 1965ರಲ್ಲಿ ಪಿಡಿಪಿ–8 ಎಂಬ 12 ಬಿಟ್‌ಗಳ ಯಂತ್ರವನ್ನು 18,000 ಡಾಲರಿಗೆ ಮಾರಲು ಶುರುಮಾಡಿದಾಗ, ವಿಶ್ವವಿದ್ಯಾಲಯದ ಒಂದು ವಿಭಾಗ ಅಥವಾ ಕಾರ್ಖಾನೆಯ ಒಂದು ಶಾಖೆ ತನ್ನದೇ ಆದ ಕಂಪ್ಯೂಟರ್ ಇಟ್ಟುಕೊಳ್ಳುವುದು ಸಾಧ್ಯವಾಯಿತು. ಆ ವಂಶದ ಯಂತ್ರಗಳು 50,000ಕ್ಕೂ ಹೆಚ್ಚು ಮಾರಾಟವಾದವು. 1970ರಲ್ಲಿ ಬಂದ 16 ಬಿಟ್‌ಗಳ ಪಿಡಿಪಿ–11ರ ವಂಶ ಸುಮಾರು 6 ಲಕ್ಷಕ್ಕೆ ಬೆಳೆಯಿತು. ಇಂದು ನಮ್ಮ ಫೋನುಗಳ ತಳದಲ್ಲಿರುವ ತಂತ್ರಾಂಶಕ್ಕೆ ಮೂಲಪುರುಷನಂತಿರುವ ಯುನಿಕ್ಸ್ 1969ರಲ್ಲಿ ಹುಟ್ಟಿದ್ದು ಇದೇ ಕಂಪನಿಯ ಪಿಡಿಪಿ–7ರ ಮೇಲೆ; ಅದು ಬೆಳೆದು ದೊಡ್ಡದಾದದ್ದು, ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪು ತಳೆದದ್ದು ಪಿಡಿಪಿ–11ರ ಮೇಲೆ.

ನಮ್ಮ ದೇಶದ ಕಥೆಯೂ ಇದರೊಳಗೇ ಹೆಣೆದುಕೊಂಡಿದೆ. ಮುಂಬೈಯ ಟ್ರಾಂಬೆಯ ಅಣುಶಕ್ತಿ ಸಂಸ್ಥೆಯಲ್ಲಿ ರೂಪುಗೊಂಡ 12 ಬಿಟ್‌ಗಳ ಟಿಡಿಸಿ–12 ಯಂತ್ರ 1969ರಲ್ಲೇ ಸಿದ್ಧವಾಗಿತ್ತು. ಹೈದರಾಬಾದಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್ ಅದನ್ನು ಮುಂದುವರಿಸಿ ಟಿಡಿಸಿ–312, ಟಿಡಿಸಿ–316 ಎಂಬ ಯಂತ್ರಗಳನ್ನು ಕಟ್ಟಿತು. 1978ರಲ್ಲಿ ಅಮೆರಿಕದ ಕಂಪ್ಯೂಟರ್ ಕಂಪನಿ ಐಬಿಎಂ ದೇಶ ಬಿಟ್ಟುಹೋಯಿತು, ಅದು ಬಿಟ್ಟುಹೋದ ಯಂತ್ರಗಳ ಆರೈಕೆ ಸಿಎಂಸಿ ಎಂಬ ಸರ್ಕಾರಿ ಕಂಪನಿಯ ಹೆಗಲಿಗೆ ಬಂತು, ಅದೇ ಹೊತ್ತಿಗೆ ಖಾಸಗಿ ಕಂಪನಿಗಳಿಗೆ ಮಿನಿಕಂಪ್ಯೂಟರ್ ತಯಾರಿಸುವ ಪರವಾನಗಿ ದೊರೆಯಿತು. ಬೆಂಗಳೂರಿನಲ್ಲಿ ವಿಪ್ರೋ 1981ರಲ್ಲಿ ಹೊರತಂದ ಸೀರೀಸ್–86 ಆ ಅಲೆಯದೇ ಕೂಸು. ಮುಂದೆ ಡೆಕ್‌ನ ಭಾರತೀಯ ಕಂಪನಿಯೂ ಬೆಂಗಳೂರಿನಲ್ಲೇ ನೆಲೆಯೂರಿತು. ಹೀಗಾಗಿ ಈ ಯಂತ್ರಗಳನ್ನು ಕಟ್ಟಿದ, ದುರಸ್ತಿ ಮಾಡಿದ, ರಾತ್ರಿಪಾಳಿಯಲ್ಲಿ ಕಾದು ಕುಳಿತ ಬಹಳಷ್ಟು ಮಂದಿ ಇಂದಿಗೂ ನಮ್ಮ ರಾಜ್ಯದ ಬಡಾವಣೆಗಳಲ್ಲಿ ವಾಸವಾಗಿದ್ದಾರೆ; ಅವರ ಮನೆಯ ಅಟ್ಟಗಳಲ್ಲಿ ಏನೇನಿದೆ ಎಂಬುದು ಅವರಿಗೇ ಮರೆತಿರುವ ಸಾಧ್ಯತೆ ಹೆಚ್ಚು.

ನಮಗೆ ಯಂತ್ರ ಸಿಕ್ಕಿದ್ದು ಒಂದು ಶಿಕ್ಷಣ ಸಂಸ್ಥೆಯ ಹಿಂಬದಿಯ ಉಗ್ರಾಣದಲ್ಲಿ. ಮೇಲೆ ಮುರಿದ ಡೆಸ್ಕುಗಳನ್ನು ಪೇರಿಸಿದ್ದರು, ಒಳಗೆ ಇಲಿ ಸಂಸಾರ ಹೂಡಿತ್ತು. ಇಂಥ ಯಂತ್ರ ಕೈಗೆ ಬಂದೊಡನೆ ಪ್ಲಗ್ ಚುಚ್ಚಿ ಸ್ವಿಚ್ ಹಾಕಿ ನೋಡುವ ಆಸೆ ಯಾರಿಗಾದರೂ ಆಗುತ್ತದೆ, ಅದನ್ನು ತಡೆದುಕೊಳ್ಳುವುದೇ ದುರಸ್ತಿಯ ಮೊದಲ ಪಾಠ. ಮೂವತ್ತು ವರ್ಷ ಕರೆಂಟು ಕಾಣದ ಎಲೆಕ್ಟ್ರೋಲೈಟಿಕ್ ಕಪಾಸಿಟರಿಗೆ ಒಮ್ಮೆಲೇ ಪೂರ್ತಿ ವೋಲ್ಟೇಜು ಕೊಟ್ಟರೆ ಅದು ಬಿಸಿಯಾಗಿ ಸಿಡಿಯಬಹುದು. ಆದ್ದರಿಂದ ಒಂದೊಂದನ್ನೇ ಹೊರತೆಗೆದು, ಪ್ರಯೋಗಾಲಯದ ಡಿಸಿ ಸಪ್ಲೈಗೆ ಜೋಡಿಸಿ, ಗಂಟೆಗಟ್ಟಲೆ ಕಾಯುತ್ತಾ ವೋಲ್ಟೇಜನ್ನು ಹಂತಹಂತವಾಗಿ ಏರಿಸಿ, ಒಳಗಿನ ಆಕ್ಸೈಡ್ ಪದರ ಮತ್ತೆ ಕಟ್ಟಿಕೊಳ್ಳುವಂತೆ ಮಾಡಬೇಕು. ಆಗಲೂ ಚೇತರಿಸಿಕೊಳ್ಳದವನ್ನು ಬದಲಿಸಬೇಕು. ಆ ಬಳಿಕವೂ ಬೋರ್ಡುಗಳನ್ನು ಜೋಡಿಸುವಂತಿಲ್ಲ. ಈ ಯಂತ್ರದ 5 ವೋಲ್ಟಿನ ರೆಗ್ಯುಲೇಟರ್ 25 ಆಂಪಿಯರ್ ಕೊಡಬಲ್ಲದು, ಅದು ಹದ ತಪ್ಪಿದರೆ ಎದುರಿಗಿರುವ ನೂರಾರು ಚಿಪ್ಪುಗಳು ಕ್ಷಣಾರ್ಧದಲ್ಲಿ ಹೋಗುತ್ತವೆ. ನಾವು ಕಾರಿನ ಹೆಡ್‌ಲೈಟ್ ಬಲ್ಬುಗಳನ್ನು ಸಾಲಾಗಿ ಕಟ್ಟಿ ಬೋರ್ಡುಗಳ ಬದಲು ಕರೆಂಟು ಎಳೆಯುವ ಭಾರವಾಗಿ (ಲೋಡ್) ಅವುಗಳನ್ನೇ ಕೊಟ್ಟು, ಎರಡು ಭಾನುವಾರ ಪೂರ್ತಿ ಮಲ್ಟಿಮೀಟರಿನ ಮುಳ್ಳನ್ನೇ ನೋಡುತ್ತಾ ಕುಳಿತೆವು. ಡಿಸ್ಕ್ ಡ್ರೈವಿನ ಒಳಗಿನ ಸ್ಪಂಜು ಬೆಲ್ಲದ ಪಾಕದಂತೆ ಕರಗಿ ಅಂಟಿಕೊಂಡಿತ್ತು. ಅದರ ಒಂದು ಕಣ ತಿರುಗುವ ತಟ್ಟೆಯ ಮೇಲೆ ಬಿದ್ದರೂ ಸಾಕು, ತಟ್ಟೆಯನ್ನು ಮುಟ್ಟದೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತೇಲಬೇಕಾದ ಹೆಡ್ಡು ಅದಕ್ಕೆ ಬಡಿದು ತಟ್ಟೆಯನ್ನೇ ಕೆರೆದುಬಿಡುತ್ತದೆ.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಬೋರ್ಡುಗಳನ್ನೆಲ್ಲ ಜೋಡಿಸಿ ಸ್ವಿಚ್ ಹಾಕಿದೆವು. ಫ್ಯಾನುಗಳು ತಿರುಗಿದವು, ದೀಪ ಹೊತ್ತಿತು, ಟರ್ಮಿನಲ್ಲಿನಲ್ಲಿ ಮಾತ್ರ ಒಂದಕ್ಷರವೂ ಮೂಡಲಿಲ್ಲ. ಬೋರ್ಡುಗಳನ್ನು ತೆಗೆದು ಉಜ್ಜಿದೆವು, ಅದಲು ಬದಲು ಮಾಡಿದೆವು, ಚಿಪ್ಪುಗಳನ್ನು ಒಂದೊಂದಾಗಿ ಪರೀಕ್ಷಿಸಿದೆವು. ಐದು ವಾರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಕಡೆಗೆ ನಮ್ಮ ಜೊತೆಗಿರುವ ಹುಡುಗರಲ್ಲಿ ಒಬ್ಬ, ಅಮೆರಿಕದಲ್ಲಿ ಯಾರೋ ಸ್ಕ್ಯಾನ್ ಮಾಡಿ ಉಳಿಸಿದ್ದ ಕೈಪಿಡಿಯೊಂದರಲ್ಲಿ ಎರಡು ಪುಟ ಹುಡುಕಿ ತಂದ. ಈ ಯಂತ್ರದ ಎಲ್ಲ ಬೋರ್ಡುಗಳೂ ಯುನಿಬಸ್ ಎಂಬ ಒಂದೇ ದಾರಿಯನ್ನು ಹಂಚಿಕೊಳ್ಳುತ್ತವೆ. ಆ ದಾರಿ ಬಳಸಲು ಪ್ರೊಸೆಸರ್ ಕೊಡುವ ಅನುಮತಿ, ಬೋರ್ಡು ಚುಚ್ಚುವ ಒಂದು ಸ್ಲಾಟಿನಿಂದ ಇನ್ನೊಂದಕ್ಕೆ, ಮದುವೆ ಪಂಕ್ತಿಯಲ್ಲಿ ಉಪ್ಪಿನ ಬಟ್ಟಲು ದಾಟಿದಂತೆ, ಕೈಯಿಂದ ಕೈಗೆ ಸಾಗಬೇಕು. ನಡುವೆ ಯಾವುದಾದರೂ ಸ್ಲಾಟು ಖಾಲಿಯಿದ್ದರೆ ಸರಪಳಿ ಕಡಿಯುತ್ತದೆ. ಹಾಗೆ ಕಡಿದಾಗ, ದಾರಿಯ ಕೊನೆಯಲ್ಲಿರುವ ಎಂ9302 ಎಂಬ ಬೋರ್ಡು, ಅನುಮತಿ ತನ್ನವರೆಗೂ ಬಂದಿದೆಯೆಂದು ತಪ್ಪು ತಿಳಿದು, ‘ತಲುಪಿತು’ ಎಂಬ ಸಂಕೇತವನ್ನು ಎಡೆಬಿಡದೆ ಕೊಡುತ್ತದೆ. ಪ್ರೊಸೆಸರ್ ಯಾರೋ ಕೆಲಸ ಮಾಡುತ್ತಿದ್ದಾರೆಂದು ನಂಬಿ ಸುಮ್ಮನೆ ಕಾಯುತ್ತದೆ. ಆದ್ದರಿಂದ ಪ್ರತಿ ಖಾಲಿ ಸ್ಲಾಟಿನಲ್ಲಿ ಜಿ727 ಎಂಬ ಪುಟ್ಟ ಕಾರ್ಡೊಂದನ್ನು ಚುಚ್ಚಿಡಬೇಕು. ಅದರ ಮೇಲೆ ಒಂದು ಚಿಪ್ಪೂ ಇಲ್ಲ, ನಾಲ್ಕು ತಾಮ್ರದ ಗೆರೆಗಳಷ್ಟೇ. ನಮ್ಮ ಯಂತ್ರದಿಂದ ಯಾರೋ ಎಂದೋ ಒಂದು ಬೋರ್ಡನ್ನು ಕಿತ್ತುಕೊಂಡಿದ್ದರು, ಅದರ ಜಾಗಕ್ಕೆ ಆ ಕಾರ್ಡನ್ನು ಹಾಕಿರಲಿಲ್ಲ. ನಾವು ಒಂದು ಚೂರು ತಾಮ್ರದ ಫಲಕ ಕತ್ತರಿಸಿ, ಗೆರೆ ಕೊರೆದು, ಕಾರ್ಡು ಮಾಡಿ ಚುಚ್ಚಿದೆವು. ಟರ್ಮಿನಲ್ಲಿನ ಮೇಲೆ ಆರಾರು ಅಂಕಿಗಳ ನಾಲ್ಕು ಸಂಖ್ಯೆಗಳು, ಅವುಗಳ ಮುಂದೆ ಒಂದು ‘@’ ಚಿಹ್ನೆ ಮೂಡಿತು. ಖರ್ಚು ಹತ್ತು ರೂಪಾಯಿಯೂ ಆಗಿರಲಿಲ್ಲ.

ಆ ಎರಡು ಪುಟ ಸಿಗದೇ ಇದ್ದಿದ್ದರೆ ನಾವು ಇಷ್ಟರಲ್ಲಿ ಒಂದು ಒಳ್ಳೆಯ ಪ್ರೊಸೆಸರ್ ಬೋರ್ಡನ್ನು ಕೆಟ್ಟಿದೆಯೆಂದು ತೀರ್ಮಾನಿಸಿ ಎಸೆದಿರುತ್ತಿದ್ದೆವು. ಇಂದಿನ ಕಂಪ್ಯೂಟರಿನಂತೆ ಈ ಯಂತ್ರಗಳು ತಮ್ಮ ಕಾಯಿಲೆಯನ್ನು ತಾವೇ ಹೇಳಿಕೊಳ್ಳುವುದಿಲ್ಲ. ಪಿಡಿಪಿ–8ಕ್ಕಂತೂ ಸ್ವಿಚ್ ಹಾಕಿದಾಗ ತಾನು ಏನು ಮಾಡಬೇಕೆಂಬುದೂ ತಿಳಿದಿರುವುದಿಲ್ಲ. ಕಾಗದದ ಟೇಪನ್ನು ಓದು ಎಂದು ಅದಕ್ಕೆ ಹೇಳಿಕೊಡಲು ಮುಂಭಾಗದ 12 ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ 17 ಪದಗಳನ್ನು ಒಂದೊಂದಾಗಿ ನೆನಪಿಗೆ ತುಂಬಬೇಕು: ಅಷ್ಟಮಾನದಲ್ಲಿ, ಅಂದರೆ 0ರಿಂದ 7ರವರೆಗಿನ ಅಂಕಿಗಳಷ್ಟೇ ಇರುವ ಎಣಿಕೆಯಲ್ಲಿ, ಮೊದಲು 6032, ಆಮೇಲೆ 6031, ಆಮೇಲೆ 5357, ಹೀಗೆ. ಆ ಕಾಲದ ಆಪರೇಟರುಗಳಿಗೆ ಇದು ಮಗ್ಗಿಯಂತೆ ಬಾಯಿಪಾಠವಾಗಿರುತ್ತಿತ್ತು. ಅವರ ಬಾಯಿಪಾಠ ಅವರೊಂದಿಗೇ ಹೋಗುತ್ತದೆ, ಹಾಳೆಯ ಮೇಲಿದ್ದರೆ ಮಾತ್ರ ಉಳಿಯುತ್ತದೆ.

ಹಾಗಾದರೆ ನಮ್ಮ ಯಂತ್ರದ ಜೊತೆ ಬಂದಿರಬೇಕಾಗಿದ್ದ ಕೈಪಿಡಿಗಳು, ಸರ್ಕ್ಯೂಟ್ ನಕ್ಷೆಗಳು ಎಲ್ಲಿ ಹೋದವು? ಆ ಸಂಸ್ಥೆಯ ದಾಸ್ತಾನು ಪುಸ್ತಕದಲ್ಲಿ ಉತ್ತರವಿತ್ತು. ನಾವು ಹೋಗುವುದಕ್ಕೆ ಒಂದು ವರ್ಷ ಮುಂಚೆ ‘ಹಳೆಯ ಕಾಗದ, 180 ಕಿಲೋ’ ಎಂದು ಬರೆದು, ಎದುರಿಗೆ ಬಂದ ಹಣವನ್ನು ಜಮಾ ಮಾಡಿ, ಮೂರು ಸಹಿ ಹಾಕಿದ್ದರು. ಕಬ್ಬಿಣವನ್ನು ಇ–ತ್ಯಾಜ್ಯದ ನಿಯಮದ ಪ್ರಕಾರವೇ ವಿಲೇವಾರಿ ಮಾಡಬೇಕಾದ್ದರಿಂದ ಯಂತ್ರ ಕಡತದಲ್ಲಿ ಸಿಕ್ಕಿಹಾಕಿಕೊಂಡು ಉಳಿಯಿತು. ಕಾಗದಕ್ಕೆ ಆ ನಿಯಮ ಅನ್ವಯಿಸದ್ದರಿಂದ ಅದು ಸಲೀಸಾಗಿ ಹೋಯಿತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ–ತ್ಯಾಜ್ಯ ನಿರ್ವಹಣಾ ನಿಯಮಗಳ ಮೊದಲ ಅನುಸೂಚಿಯಲ್ಲಿ ಮೇನ್‌ಫ್ರೇಮ್, ಮಿನಿಕಂಪ್ಯೂಟರ್ ಎಂಬ ಹೆಸರುಗಳೇ ಇವೆ. ಅವುಗಳನ್ನು ಹೇಗೆ ಒಡೆಯಬೇಕು, ಯಾರು ಒಡೆಯಬೇಕು ಎಂಬ ಚಿಂತೆ ಸರ್ಕಾರಕ್ಕಿದೆ. ಇರಬೇಕಾದ್ದೇ. ಆದರೆ ಸಂಸ್ಥೆಗಳಲ್ಲಿ ವಿಲೇವಾರಿ ಸಮಿತಿ ಕೂತಾಗ ತೂಕದ ಲೆಕ್ಕ ನಡೆಯುತ್ತದೆಯೇ ಹೊರತು ಹಾಳೆ ತಿರುವಿ ನೋಡುವ ಕೆಲಸ ಯಾರ ಪಾಲಿಗೂ ಬರುವುದಿಲ್ಲ.

ಆ 180 ಕಿಲೋ ಕಾಗದದ ಬೆನ್ನು ಹತ್ತಿ ನಾವು ಅಲೆದದ್ದನ್ನು ಪೂರ್ತಿ ಬರೆದರೆ ತಮ್ಮ ಅಂಕಣ ಸಾಲದು. ರದ್ದಿ ಅಂಗಡಿಯಾತನಿಗೆ ನೆನಪಿರಲಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ತಪ್ಪು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಪರೀಕ್ಷೆಯ ಗೈಡುಗಳಿದ್ದವು, ನಕ್ಷೆಗಳಿರಲಿಲ್ಲ. ಜಾಲಿ ಮೊಹಲ್ಲಾದ ಗುಜರಿ ಓಣಿಯಲ್ಲಿ ನಮ್ಮ ಯಂತ್ರದ್ದೇ ವಂಶದ ಎರಡು ಬೋರ್ಡುಗಳು ಕಂಡವು, ಅವುಗಳ ಅಂಚಿನ ಚಿನ್ನದ ಲೇಪದ ಹಲ್ಲುಗಳನ್ನು ಕತ್ತರಿಸಿ ಒಂದು ಡಬ್ಬಕ್ಕೆ ತುಂಬಿಯಾಗಿತ್ತು. ಚಿನ್ನಕ್ಕೆ ಬೆಲೆಯಿದೆ, ಒಪ್ಪಲೇಬೇಕು.

ಕಡೆಗೆ ಯಾರೋ ಹೇಳಿದ ಸುಳಿವಿನ ಮೇಲೆ ಜಯನಗರದಲ್ಲಿರುವ, ಎಂಬತ್ತು ದಾಟಿದ ಎಂಜಿನಿಯರರೊಬ್ಬರ ಮನೆಗೆ ಹೋದೆವು. ಅವರಿಗೆ ಈಗ ಮರೆವು. ಯಂತ್ರದ ಹೆಸರು ಹೇಳಿದರೆ ಮುಖ ಅರಳುತ್ತದೆ, ವಿವರ ಕೇಳಿದರೆ ಮಾತು ಎಲ್ಲಿಗೋ ಹೋಗುತ್ತದೆ. ಕಾಫಿ ತಂದ ಅವರ ಮನೆಯವರು ನಾವು ಏನು ಹುಡುಕುತ್ತಿದ್ದೇವೆಂದು ಕೇಳಿ, ನಕ್ಕು, ‘ಬನ್ನಿ ಒಳಗೆ’ ಎಂದು ಅಡುಗೆಮನೆಗೆ ಕರೆದುಕೊಂಡು ಹೋದರು. ಗೋಡೆ ಕಪಾಟಿನ ಮೂರು ಅಂತಸ್ತಿನಲ್ಲಿಯೂ ಉಪ್ಪಿನಕಾಯಿ ಜಾಡಿಗಳ ಅಡಿಯಲ್ಲಿ ಹಾಸಿದ್ದು ಡೆಕ್ ಕಂಪನಿಯ ನಕ್ಷೆಯ ಉದ್ದನೆಯ ಹಾಳೆಗಳು. ‘ಒಳ್ಳೆ ಗಟ್ಟಿ ಕಾಗದ ನೋಡಪ್ಪ, ಮೂವತ್ತು ವರ್ಷ ಆಯ್ತು, ಒಂದು ಜಿರಲೆ ಕೂಡ ತಿಂದಿಲ್ಲ’ ಎಂದರು. ‘ಅಮ್ಮ, ಇದನ್ನು ನಾವು ತಗೊಂಡು ಹೋಗಬಹುದೇ?’ ಎಂದಿದ್ದಕ್ಕೆ, ‘ತಗೊಂಡು ಹೋಗಿ, ಆದ್ರೆ ಬೇರೆ ಪೇಪರ್ ಹಾಸಿಕೊಟ್ಟು ಹೋಗಿ’ ಎಂದರು. ನಾವು ಜಾಡಿಗಳನ್ನು ಇಳಿಸಿ, ತಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನೇ ಹಾಸಿ, ಹನ್ನೊಂದು ಹಾಳೆಗಳನ್ನು ತಂದೆವು.

ಅವುಗಳಲ್ಲಿ ಒಂದು ಪವರ್ ಸಪ್ಲೈ ರೆಗ್ಯುಲೇಟರಿನ ನಕ್ಷೆ. ಅದರ ಮುದ್ರಿತ ಪ್ರತಿ ಅಮೆರಿಕದ ಸಂಗ್ರಹದಲ್ಲಿಯೂ ಇದೆ, ಹಾಗಾಗಿ ಅಷ್ಟರಮಟ್ಟಿಗೆ ನಮ್ಮ ಶ್ರಮ ವ್ಯರ್ಥವೆನ್ನಬಹುದಿತ್ತು. ಆದರೆ ನಮ್ಮ ಹಾಳೆಯ ಅಂಚಿನಲ್ಲಿ, ಮಾವಿನಕಾಯಿ ಜಾಡಿಯ ಎಣ್ಣೆ ಬಿಟ್ಟುಹೋದ ಉಂಗುರದ ಪಕ್ಕದಲ್ಲೇ, ಪೆನ್ಸಿಲಿನಲ್ಲಿ ಮೂರು ಸಾಲು ಬರೆದಿತ್ತು. ಆಮದು ಟ್ರಾನ್ಸಿಸ್ಟರ್ ಸಿಗದೇ ಹೋದಾಗ ಬೆಂಗಳೂರಿನ ಬಿಇಎಲ್ ತಯಾರಿಸುತ್ತಿದ್ದ ಯಾವುದನ್ನು ಹಾಕಬಹುದು, ಹಾಕಿದರೆ ಜೊತೆಗೆ ಯಾವ ರೆಸಿಸ್ಟರನ್ನು ಬದಲಿಸಬೇಕು, ಎಷ್ಟು ಹೊತ್ತು ಓಡಿಸಿ ಬಿಸಿ ನೋಡಬೇಕು ಎಂಬ ವಿವರ. ವಿದೇಶಿ ವಿನಿಮಯ ಕೈಗೆಟುಕದ, ಒಂದು ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಿದ್ದ ದಿನಗಳಲ್ಲಿ ನಮ್ಮ ಎಂಜಿನಿಯರುಗಳು ಯಂತ್ರಗಳನ್ನು ಹೇಗೆ ನಡೆಸಿಕೊಂಡು ಬಂದರು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿಯನ್ನು ನಾನು ನೋಡಿಲ್ಲ. ಈ ಮೂರು ಸಾಲು ಮೇನಾರ್ಡಿನ ಗಿರಣಿಯಲ್ಲಿ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ.

ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಡೆಕ್ 1998ರಲ್ಲಿ ಕಾಂಪ್ಯಾಕ್ ಪಾಲಾಯಿತು, ಕಾಂಪ್ಯಾಕ್ 2002ರಲ್ಲಿ ಎಚ್‌ಪಿ ಪಾಲಾಯಿತು. ಕಂಪನಿ ಹೋದರೂ ಅದರ ಕಾಗದಪತ್ರಗಳು ಬಹುಮಟ್ಟಿಗೆ ಉಳಿದವು. ಅಲ್ಲಿನ ಹವ್ಯಾಸಿಗಳು ದಶಕಗಳಿಂದ ಅವುಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಬಿಟ್‌ಸೇವರ್ಸ್‌ನಂತಹ ಉಚಿತ ಭಂಡಾರಗಳಲ್ಲಿ ಸೇರಿಸಿದ್ದಾರೆ. ಆ ಭಂಡಾರವನ್ನು ಕಟ್ಟಿದ ಆಲ್ ಕೊಸೊ ಅವರ ಮೂಲಕ ದೊರೆತ, 1972ರ ಒಂದು ಮುದ್ರಿತ ಪಟ್ಟಿಯಲ್ಲಿ ಯುನಿಕ್ಸ್‌ನ ಅತ್ಯಂತ ಹಳೆಯ ಆವೃತ್ತಿಯೊಂದರ ಒಳತಿರುಳು ಸಾಲು ಸಾಲಾಗಿ ಅಚ್ಚಾಗಿತ್ತು. ಆಸ್ಟ್ರೇಲಿಯಾದ ವಾರೆನ್ ಟೂಮಿ ಮತ್ತು ಸಂಗಡಿಗರು 2008ರಲ್ಲಿ ಆ ಮಸುಕು ಹಾಳೆಗಳನ್ನು ಓದಿ, ಅಕ್ಷರದೋಷಗಳನ್ನು ತಿದ್ದಿ, ಅದನ್ನು ಸಿಮ್ಯುಲೇಟರಿನಲ್ಲಿ, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ, ಓಡಿಸಿ ತೋರಿಸಿದರು. ಬರೀ ಕಾಗದದಿಂದ ಒಂದು ತಂತ್ರಾಂಶ ಮತ್ತೆ ಎದ್ದು ಬಂದಿತು. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಸ್ವಯಂಸೇವಕರು ದುರಸ್ತಿ ಮಾಡಿದ ಪಿಡಿಪಿ–1 ಯಂತ್ರದ ಮೇಲೆ 1962ರ ಸ್ಪೇಸ್‌ವಾರ್ ಆಟವನ್ನು ಇಂದಿಗೂ ಆಡಿಸಿ ತೋರಿಸುತ್ತಾರೆ.

ಹಾಗೆಂದು ಅಲ್ಲಿ ಎಲ್ಲವೂ ಸುಭದ್ರ ಎಂದಲ್ಲ. ಮೈಕ್ರೋಸಾಫ್ಟ್ ಸ್ಥಾಪಕರಲ್ಲೊಬ್ಬರಾದ ಪಾಲ್ ಅಲೆನ್ ಸಿಯಾಟಲ್‌ನಲ್ಲಿ ಕಟ್ಟಿ 2012ರಲ್ಲಿ ಸಾರ್ವಜನಿಕರಿಗೆ ತೆರೆದ ವಸ್ತುಸಂಗ್ರಹಾಲಯದಲ್ಲಿ ಇಂಥ ಯಂತ್ರಗಳನ್ನು ಚಾಲೂ ಸ್ಥಿತಿಯಲ್ಲೇ ಇಟ್ಟಿದ್ದರು. ಅವರು 2018ರಲ್ಲಿ ತೀರಿಕೊಂಡರು, ಸಂಗ್ರಹಾಲಯ 2020ರಲ್ಲಿ ಮುಚ್ಚಿತು, 2024ರಲ್ಲಿ ಅಲ್ಲಿನ ವಸ್ತುಗಳು ಹರಾಜಿಗೆ ಬಂದವು. ಹಣವಂತರ ಉಸಿರಿನ ಮೇಲೆ ನಿಂತ ಸಂಗ್ರಹದ ಗತಿ ಹೀಗೇ ಆಗುತ್ತದೆಂದು ಆಗ ಅನೇಕರು ಮರುಗಿದರು. ಆದರೆ ಯಂತ್ರಗಳು ಚದುರಿದರೂ ಕೈಪಿಡಿಗಳ ಸ್ಕ್ಯಾನ್ ಪ್ರತಿಗಳು ಹತ್ತಾರು ಕಡೆ ಇರುವುದರಿಂದ, ಕೊಂಡವರು ಎಲ್ಲಿದ್ದರೂ ಅವುಗಳನ್ನು ನಡೆಸಬಲ್ಲರು.

ನಮ್ಮ ಟಿಡಿಸಿ ಯಂತ್ರಗಳಿಗೆ, ಎಂಬತ್ತರ ದಶಕದ ಬೆಂಗಳೂರಿನ ಮಿನಿಕಂಪ್ಯೂಟರುಗಳಿಗೆ ಈ ಭಾಗ್ಯವಿಲ್ಲ. ಅವುಗಳ ಕಾಗದವನ್ನು ಅಮೆರಿಕದವರು ಉಳಿಸಿಕೊಡಲಾರರು. ಅವು ಅಲ್ಲಿಗೆ ಹೋಗಿಯೇ ಇರಲಿಲ್ಲ. ಅಂಥ ಒಂದು ಯಂತ್ರ ನಾಳೆ ಯಾವುದೋ ಉಗ್ರಾಣದಲ್ಲಿ ಸಿಕ್ಕರೆ, ಅದರ ಮುಂದೆ ಕುಳಿತವನಿಗೆ ಆ ಎರಡು ಪುಟವನ್ನು ಎಲ್ಲಿಂದ ತಂದುಕೊಡುವುದು? ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಪ್ರತಿ ಇದ್ದ ಕೈಪಿಡಿ ರದ್ದಿಗೆ ಹೋದರೆ ಅಲ್ಲಿಗೆ ಮುಗಿಯಿತು.

ಸಿಮ್ಯುಲೇಟರ್ ಇರುವಾಗ ಈ ಪರದಾಟವೇಕೆ ಎಂದು ನನ್ನ ಅಳಿಯನೇ ಕೇಳಿದ್ದಾನೆ. ಸಿಮ್‌ಎಚ್ ಎಂಬ ತಂತ್ರಾಂಶವನ್ನು ಹಾಕಿಕೊಂಡರೆ ಲ್ಯಾಪ್‌ಟಾಪಿನಲ್ಲೇ ಪಿಡಿಪಿ–11 ಓಡುತ್ತದೆ, ನಿಜ, ಅಸಲಿಗಿಂತ ವೇಗವಾಗಿಯೇ ಓಡುತ್ತದೆ. ಆದರೆ ಆ ಸಿಮ್ಯುಲೇಟರನ್ನು ಬರೆದವರು ಕೈಪಿಡಿಗಳನ್ನು ಮುಂದಿಟ್ಟುಕೊಂಡೇ ಬರೆದದ್ದು. ಟಿಡಿಸಿ–316ಕ್ಕೆ ಹಾಗೊಂದನ್ನು ಯಾರಾದರೂ ಬರೆಯಲು ಹೊರಟರೆ ಮೊದಲು ಕೇಳುವುದು ಅದರ ಆದೇಶಗಳ ಪಟ್ಟಿ ಎಲ್ಲಿದೆ ಎಂದು. ಹಳೆಯದರಿಂದ ಉಪಯೋಗವೇನು ಎಂದು ಕೇಳುವವರಿಗೆ ಇನ್ನೊಂದು ಸಂಗತಿ: ಕೆನಡಾದ ಅಣುಸ್ಥಾವರಗಳ ಯಂತ್ರಗಳನ್ನು 2050ರವರೆಗೆ ನಡೆಸಲು ಪಿಡಿಪಿ–11 ಬಲ್ಲ ಪ್ರೋಗ್ರಾಮರುಗಳು ಬೇಕಾಗಿದ್ದಾರೆಂದು 2013ರಲ್ಲಿ ಸುದ್ದಿಯಾಗಿತ್ತು. ಕೃತಿಸ್ವಾಮ್ಯದ ಪ್ರಶ್ನೆ ಎತ್ತುವವರೂ ಇದ್ದಾರೆ. ಮುಚ್ಚಿಹೋದ ಕಂಪನಿಗಳ ಹಕ್ಕು ಇಂದು ಯಾರ ಕೈಯಲ್ಲಿದೆ ಎಂಬುದನ್ನು ವಕೀಲರು ನಿಧಾನವಾಗಿ ತೀರ್ಮಾನಿಸಲಿ; ಕಾಗದವನ್ನು ಹರಿಯದೆ ಇಟ್ಟುಕೊಳ್ಳುವುದಕ್ಕೆ ಯಾವ ಹಕ್ಕೂ ಅಡ್ಡ ಬರುವುದಿಲ್ಲ.

ಮಾಡಬೇಕಾದ್ದು ಹೆಚ್ಚೇನಿಲ್ಲ. ತಾಂತ್ರಿಕ ಕಾಲೇಜುಗಳು, ಸಾರ್ವಜನಿಕ ಉದ್ದಿಮೆಗಳು, ಸಂಶೋಧನಾ ಸಂಸ್ಥೆಗಳು ತಮ್ಮ ವಿಲೇವಾರಿ ಸಮಿತಿಯ ನಮೂನೆಯಲ್ಲಿ ‘ಯಂತ್ರದ ಕಾಗದಪತ್ರಗಳನ್ನು ಪರಿಶೀಲಿಸಿದೆ’ ಎಂಬ ಒಂದು ಸಾಲನ್ನು ಸೇರಿಸಿ, ಅದಕ್ಕೆ ಯಾರಾದರೊಬ್ಬರ ಸಹಿ ಕಡ್ಡಾಯ ಮಾಡಿದರೆ ಅರ್ಧ ಕೆಲಸವಾಗುತ್ತದೆ. ಅಚ್ಚಾದ ದಪ್ಪ ಪುಸ್ತಕಗಳಿಗಿಂತ ಬಿಡಿ ಹಾಳೆಗಳ ಮೇಲೆ ಹೆಚ್ಚು ಗಮನ ಬೇಕು. ದೊಡ್ಡ ಹಾಳೆಯ ಸರ್ಕ್ಯೂಟ್ ನಕ್ಷೆ, ದುರಸ್ತಿಯ ಲಾಗ್ ಪುಸ್ತಕ, ಕೈಬರಹದ ಟಿಪ್ಪಣಿ, ಯಂತ್ರ ಕೆಟ್ಟಾಗ ಹೊರಗಿನಿಂದ ಬಂದ ಎಂಜಿನಿಯರ್ ಬರೆದುಕೊಟ್ಟ ಸರ್ವಿಸ್ ವರದಿಯ ಕಾರ್ಬನ್ ಪ್ರತಿ, ಇವೇ ಇನ್ನೆಲ್ಲೂ ಸಿಗದಂಥವು. ಅಂಗೈಯಗಲದ ಪಾರದರ್ಶಕ ಫಿಲ್ಮಿನ ಹಾಳೆಗಳು ಕಂಡರೆ ಅವು ಎಕ್ಸ್‌ರೇ ಅಲ್ಲ, ಮೈಕ್ರೋಫಿಶ್. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದರಲ್ಲೂ ನೂರಾರು ಪುಟ ಅಡಗಿರಬಹುದು. ರಂಧ್ರಗಳಿರುವ ಕಾಗದದ ಸುರುಳಿಯನ್ನು ಮಕ್ಕಳ ತೋರಣಕ್ಕೆ ಕೊಡಬೇಡಿ, ಅದು ಪ್ರೋಗ್ರಾಂ. ಯಾವುದನ್ನೂ ಲ್ಯಾಮಿನೇಟ್ ಮಾಡಿಸಬೇಡಿ. ಮಳೆಗಾಲದ ತೇವ, ಗೆದ್ದಲು ತಗುಲದಂತೆ ನೆಲದಿಂದ ಎತ್ತರದಲ್ಲಿಟ್ಟರೆ ಸದ್ಯಕ್ಕೆ ಸಾಕು.

ಉಳಿಸಿದ್ದನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಆವರಣದಲ್ಲಿ 2019ರಿಂದ ಸಾರ್ವಜನಿಕರಿಗೆ ತೆರೆದಿರುವ, ಸಮಕಾಲೀನ ಭಾರತದ ವಿಜ್ಞಾನದ ಇತಿಹಾಸಕ್ಕೇ ಮೀಸಲಾದ ದಾಖಲೆ ಭಂಡಾರವಿದೆ. ಕಸ್ತೂರಬಾ ರಸ್ತೆಯಲ್ಲಿ ಅರವತ್ತು ವರ್ಷಗಳಿಂದ ಮಕ್ಕಳಿಗೆ ಯಂತ್ರಗಳನ್ನು ತೋರಿಸುತ್ತಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. ಇವರು ಎಲ್ಲವನ್ನೂ ತೆಗೆದುಕೊಳ್ಳಲಿ ಎಂದಲ್ಲ. ನಮ್ಮ ಕಂಪ್ಯೂಟರ್ ಉದ್ಯಮದ ಮೊದಲ ಇಪ್ಪತ್ತು ವರ್ಷಗಳ ಕಾಗದಕ್ಕಾಗಿ ಇವರಲ್ಲಿ ಯಾರಾದರೂ ಒಂದು ಕರೆ ಕೊಟ್ಟರೆ ಸಾಕು, ನಿವೃತ್ತರ ಅಟ್ಟಗಳು ತಾವಾಗಿ ತೆರೆದುಕೊಳ್ಳುತ್ತವೆ. ಐಟಿ ರಾಜಧಾನಿ ಎಂದು ಹೇಳಿಕೊಳ್ಳುವ ಊರಿಗೆ ಇದು ದೊಡ್ಡ ಖರ್ಚಲ್ಲ ಎಂದು ಸೇರಿಸುವ ಆಸೆಯಾಗುತ್ತದೆ, ಸೇರಿಸಿಯೂ ಬಿಟ್ಟೆ.

ಕೊನೆಯದಾಗಿ ಒಂದು ಸ್ವಂತದ ಕೋರಿಕೆ. ನಮ್ಮ ಯಂತ್ರದ ಕೊನೆಯಿಂದ ಎರಡನೇ ಸ್ಲಾಟಿನಲ್ಲಿ ಡೆಕ್ ಕಂಪನಿಯದಲ್ಲದ ಒಂದು ಬೋರ್ಡಿದೆ. ಹಿಂಬದಿಯಲ್ಲಿ ನೂರಾರು ತೆಳು ತಂತಿಗಳನ್ನು ಪಿನ್ನುಗಳಿಗೆ ಕೈಯಿಂದಲೇ ಸುತ್ತಿ ಕಟ್ಟಿದ, ಇಲ್ಲಿಯೇ ಯಾರೋ ಮಾಡಿದ ಬೋರ್ಡು. ಕೆಲಸ ಬಹಳ ಅಚ್ಚುಕಟ್ಟಾಗಿದೆ. ಅದು ಯಾವ ಉಪಕರಣವನ್ನು ಯಂತ್ರಕ್ಕೆ ಜೋಡಿಸುತ್ತಿತ್ತು ಎಂಬುದು ನಮಗೆ ಇನ್ನೂ ತಿಳಿದಿಲ್ಲ. ಅದರ ನಕ್ಷೆ ಬಹುಶಃ ಆ 180 ಕಿಲೋದಲ್ಲಿ ಹೋಗಿದೆ. ಬೋರ್ಡಿನಿಂದ ಹೊರಟು ಯಂತ್ರದ ಬೆನ್ನಿಗೆ ಹೋಗುವ ಒಂದು ಹಳದಿ ತಂತಿಗೆ ಪುಟ್ಟ ಚೀಟಿ ಕಟ್ಟಿದೆ. ಅದರ ಮೇಲೆ ನೀಲಿ ಶಾಯಿಯಲ್ಲಿ, ದುಂಡನೆಯ ಕನ್ನಡದಲ್ಲಿ, ‘ಈ ತಂತಿ ತೆಗೆಯಬೇಡಿ’ ಎಂದು ಬರೆದು, ಕೆಳಗೆ 1986 ಎಂದು ಹಾಕಿದೆ. ಅದನ್ನು ಬರೆದವರು ಈ ಪತ್ರವನ್ನು ಓದುವಂತಾದರೆ, ದಯವಿಟ್ಟು ತಮ್ಮ ಪತ್ರಿಕಾ ಕಚೇರಿಯ ಮೂಲಕ ನಮಗೊಂದು ಮಾತು ತಿಳಿಸಬೇಕು. ತಂತಿಯನ್ನು ನಾವು ತೆಗೆದಿಲ್ಲ. ಏಕೆ ತೆಗೆಯಬಾರದು ಎಂಬುದಷ್ಟೇ ಗೊತ್ತಾಗಬೇಕಾಗಿದೆ.

ಇಂತಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ,
ಮೈಸೂರು